ಹಳೆ ಬಟ್ಟೆಯ ಚಿತ್ರಗಾರ್ತಿಯರು

ಉರ್ದುವಿನಲ್ಲಿ 'ಗುದಡೀ ಕಾ ಲಾಲ್' ಎಂಬ ಒಂದು ಮಾತಿದೆ. ಚಿಂದಿ ಕೌದಿಯಲ್ಲಿ ಅಡಗಿದ ಮಾಣಿಕ್ಯ ಎಂದರ್ಥ. ಬಡವರ ಮನೆಯ ಹುಡುಗನೊಬ್ಬ ಪರೀಕ್ಷೆಯಲ್ಲಿ ಮೊದಲಿಗನಾದರೆ ನಮ್ಮ ಉರ್ದು ಶಾಲೆಯ ಉಸ್ತಾದರು ಅವನ ಬೆನ್ನು ತಟ್ಟಿ ಇದೇ ಮಾತನ್ನು ಹೇಳುತ್ತಿದ್ದರು. ಮಾತು ಚೆಂದವೇ. ಆದರೂ ನಮಗೆ ಅದರ ಮೇಲೊಂದು ತಕರಾರಿದೆ. ಹೊಗಳಿಕೆಯೆಲ್ಲ ಮಾಣಿಕ್ಯಕ್ಕೆ, ಅದನ್ನು ಇಷ್ಟು ದಿನ ಬೆಚ್ಚಗೆ ಕಾಪಾಡಿದ ಕೌದಿಗೆ ಏನೂ ಇಲ್ಲ. ಕೌದಿ ಹೊಲಿದ ಕೈ ಯಾರದು ಎಂದು ಕೇಳಿದವರಂತೂ ನಮಗೆ ಇದುವರೆಗೆ ಸಿಕ್ಕಿಲ್ಲ.

ಈ ಬರಹ ಆ ಕೈಗಳ ಕುರಿತದ್ದು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳ ಕೈಗಳು. ನೂರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಹಡಗಿನಲ್ಲಿ ಬಂದವರ, ಅಲ್ಲ, ತರಲ್ಪಟ್ಟವರ ಸಂತಾನ ಅವರು.

ಸುಳ್ಯ ತಾಲೂಕಿನ ನಮ್ಮ ಕೊಲ್ಲಮೊಗ್ರಿಗೂ ಹಳಿಯಾಳಕ್ಕೂ ಎಲ್ಲಿಯ ಸಂಬಂಧ ಎಂದು ಓದುಗರು ಕೇಳಬಹುದು. ಸಂಬಂಧ ನಮ್ಮ ಆಪಾಳದ್ದು. ಅವಳನ್ನು ಹಳಿಯಾಳಕ್ಕೆ ಮದುವೆ ಮಾಡಿ ಕೊಟ್ಟಿದ್ದೇವೆ. ಮದುವೆಯಾದ ಮರುವರ್ಷ ಮಳೆಗಾಲದ ಮೊದಲು ತವರಿಗೆ ಬಂದವಳು ಒಂದು ಗಂಟು ತಂದಿದ್ದಳು. ಬಿಚ್ಚಿದರೆ ಒಂದು ಕೌದಿ. ಕೆಂಪು, ಹಳದಿ, ನೀಲಿ, ಕಪ್ಪು, ಚೌಕುಳಿ, ಹೂಬಳ್ಳಿ, ಎಲ್ಲವೂ ಒಂದಕ್ಕೊಂದು ಜಗಳವಾಡುತ್ತಾ ಒಂದೇ ಮನೆಯಲ್ಲಿ ಸಂಸಾರ ಮಾಡಿದಂತಿತ್ತು. ನೋಡಲು ಬಂದ ನೆರೆಮನೆಯ ಗೌಡ್ತಿ ಅಕ್ಕ, "ಇದೇನು ಸಾಹೇಬ್ರೆ, ಇಷ್ಟೊಂದು ತೇಪೆ! ಮಧ್ಯದಲ್ಲಿ ಬಟ್ಟೆಯೇ ಇಲ್ಲವಲ್ಲ" ಎಂದರು. ಅವರು ಹೇಳಿದ್ದು ಸರಿಯೇ. ಮೇಲ್ಮೈಯಲ್ಲಿ ಕಾಣುವುದೆಲ್ಲ ತೇಪೆಯೇ. ಹರಿದದ್ದನ್ನು ಮುಚ್ಚಲು ಹಾಕಿದ ತೇಪೆಯಲ್ಲ, ತೇಪೆಯೇ ಬಟ್ಟೆಯಾದದ್ದು.

ಕೊಲ್ಲಮೊಗ್ರಿನ ಮಳೆಯನ್ನು ಕಂಡವರಿಗೆ ಹೊದಿಕೆಯ ಬೆಲೆ ಗೊತ್ತು. ಘಟ್ಟದ ಬುಡ. ಜೂನ್‌ನಲ್ಲಿ ಹಿಡಿದ ಮಳೆಗೆ ಬಿಡುವ ದಿನವೆಂಬುದಿಲ್ಲ. 2022ರ ಆಗಸ್ಟ್ ಮೊದಲ ವಾರದಲ್ಲಿ ಕಲ್ಮಕಾರು, ಹರಿಹರ ಪಲ್ಲತ್ತಡ್ಕ, ಸುಬ್ರಹ್ಮಣ್ಯ ಸೇರಿ ಈ ಸೀಮೆಯೆಲ್ಲ ನೀರಿನಲ್ಲಿ ನಿಂತದ್ದನ್ನು ಪತ್ರಿಕೆ ಓದುವವರು ಮರೆತಿರಲಾರರು. ಅಂಥ ರಾತ್ರಿಗಳಲ್ಲಿ ಅಂಗಡಿಯ ನಯವಾದ ಕಂಬಳಿಗೂ ತೇವ ಹಿಡಿಯುತ್ತದೆ. ಹಳಿಯಾಳದ ಆ ಕೌದಿ ಮಾತ್ರ ಒಲೆಯ ಮೇಲಿನ ಅಟ್ಟದಲ್ಲಿ ಅರ್ಧ ದಿನ ಇಟ್ಟರೆ ಸಾಕು, ಮತ್ತೆ ಬೆಚ್ಚಗಾಗುತ್ತಿತ್ತು. ಹಳೆಯ ಹತ್ತಿ ಬಟ್ಟೆಯ ಗುಣ ಅದು. ನೂರು ಸಲ ಒಗೆಸಿಕೊಂಡ ಮೇಲೆಯೇ ಅದಕ್ಕೆ ಆ ಮೆದು ಬರುವುದು.

ಬಿಸಾಡಬೇಕಾದ್ದನ್ನು ಬಿಸಾಡದೆ ಬಳಸುವುದು ನಮ್ಮ ಸೀಮೆಗೂ ಹೊಸದಲ್ಲ. ಅಡಿಕೆ ಮರದಿಂದ ತಾನಾಗಿ ಕಳಚಿ ಬಿದ್ದ ಹಾಳೆಯನ್ನು ಮಡಚಿ ಹೊಲಿದು ಮುಟ್ಟಾಳೆ ಮಾಡಿ ತಲೆಗೆ ಇಟ್ಟುಕೊಂಡವರು ಇಲ್ಲಿಯ ರೈತರು. ಆದರೆ ಮುಟ್ಟಾಳೆಗೂ ಕೌದಿಗೂ ಒಂದು ವ್ಯತ್ಯಾಸವಿದೆ. ಹಾಳೆಗೆ ಹಿಂದಿನ ಜನ್ಮದ ನೆನಪಿಲ್ಲ. ಬಟ್ಟೆಗೆ ಇದೆ.

ಇದು ನಮಗೆ ತಿಳಿದದ್ದು ಒಂದು ಡಿಸೆಂಬರಿನಲ್ಲಿ. ಸುಬ್ರಹ್ಮಣ್ಯ, ಮಂಗಳೂರು, ಹುಬ್ಬಳ್ಳಿ, ಧಾರವಾಡ ಎಂದು ಬಸ್ಸು ಬದಲಿಸುತ್ತಾ ಆಪಾಳ ಮನೆಗೆ ಹೋದಾಗ, ಅವಳು ನಮ್ಮನ್ನು ಕೌದಿ ಹೊಲಿದ ಮುದುಕಿಯ ಮನೆಗೇ ಕರೆದೊಯ್ದಳು. ಊರಿನವರೆಲ್ಲ ಆಕೆಯನ್ನು ನಾನಿ ಎನ್ನುತ್ತಿದ್ದರು, ನಾವೂ ಹಾಗೆಯೇ ಕರೆದೆವು. ಆಕೆಯ ಮಾತು ಕನ್ನಡವೋ ಉರ್ದುವೋ ಕೊಂಕಣಿಯೋ ಎಂದು ಬೇರ್ಪಡಿಸಲು ಹೊರಟರೆ ಮೂರೂ ಹರಿದು ಬರುವಂತಿತ್ತು.

ನಾನಿ ಅಂಗಳದಲ್ಲಿ ಕಾಲು ಚಾಚಿ ಕುಳಿತಿದ್ದಳು. ಕೆಳಗೆ ಒಂದು ಹಳೆ ಸೀರೆ ಹಾಸಿತ್ತು. ಅದು ನೆಲ. ಅದರ ಒಂದು ಮೂಲೆಯಿಂದ ಕೆಲಸ ಶುರು. ತುಂಡಿನ ಅಂಚನ್ನು ಒಳಗೆ ಮಡಚಿ, ಸೀರೆಯ ಮೇಲಿಟ್ಟು, ಓಟದ ಹೊಲಿಗೆಯಲ್ಲಿ ಅಂಚಿನುದ್ದಕ್ಕೂ ಸಾಗಬೇಕು. ಒಂದು ಸುತ್ತು ಮುಗಿದರೆ ಅದರ ಒಳಗೆ ಇನ್ನೊಂದು ಸುತ್ತು, ಅದರೊಳಗೆ ಮತ್ತೊಂದು. ಹೀಗೆ ಹೊರಗಿನಿಂದ ಸುತ್ತುತ್ತಾ ಸುತ್ತುತ್ತಾ ನಡುಮಧ್ಯಕ್ಕೆ ಬಂದು ತಲುಪುವುದು. ಚೌಕಟ್ಟಿಲ್ಲ, ಗೆರೆ ಎಳೆದ ನಕ್ಷೆಯಿಲ್ಲ, ಯಂತ್ರವಿಲ್ಲ. ಕೊನೆಯ ತೇಪೆ ಮುಚ್ಚುವ ಮೊದಲು ಅದರೊಳಗೆ ನಾಲ್ಕು ಕಾಳು ಅಕ್ಕಿ ಇಡುವ ರೂಢಿ ಕೆಲವರಲ್ಲಿದೆ. ಕೌದಿಯ ಹೊಟ್ಟೆ ಖಾಲಿ ಇರಬಾರದಂತೆ. ಹಸಿವನ್ನು ಬಲ್ಲವರಲ್ಲದೆ ಬೇರೆ ಯಾರಿಗೆ ಹೊಳೆಯಲು ಸಾಧ್ಯ ಇದು?

ನಾಲ್ಕು ಮೂಲೆಗೆ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ ಒಂದರ ಮೇಲೊಂದು ಪದರ ಹಾಕಿದ 'ಫೂಲ್' ಇರಬೇಕು. ಹೊದೆಯಲು ಅದರಿಂದ ಏನೂ ಉಪಯೋಗವಿಲ್ಲ. ಹೂವಿಲ್ಲದ ಕೌದಿ ಬೆತ್ತಲೆ ಎಂದು ಅವರ ನಂಬಿಕೆ. ಉಪಯೋಗವಿಲ್ಲದ್ದನ್ನು ಇಷ್ಟು ಕಡ್ಡಾಯ ಮಾಡಿದವರನ್ನು ಕಲಾವಿದರು ಎನ್ನದೆ ಇನ್ನೇನು ಎನ್ನುವುದು?

"ಬಣ್ಣ ಹೇಗೆ ಆರಿಸುತ್ತೀರಿ ನಾನಿ?" ಎಂದು ಕೇಳಿದೆವು.

"ಇದ್ದದ್ದರಲ್ಲಿ ತಾನೆ ಆರಿಸಬೇಕು, ಬೇಟಾ" ಎಂದಳು. ಹಾಗೆಂದವಳು ಒಂದು ಹಳದಿ ತುಂಡನ್ನು ಮೂರು ಸಲ ಎತ್ತಿ ಮೂರು ಕಡೆ ಇಟ್ಟು, ಕಣ್ಣು ಕಿರಿದು ಮಾಡಿ ನೋಡಿ, ನಾಲ್ಕನೆಯ ಕಡೆ ಹೊಲಿದಳು. ಕತೆ ಬರೆಯುವ ನಮಗೆ ಆ ನೋಟ ಅಪರಿಚಿತವಲ್ಲ. ಒಂದು ವಾಕ್ಯವನ್ನು ಎಲ್ಲಿಡಬೇಕೆಂದು ತಿಳಿಯದೆ ನಾವೂ ಹಾಗೆ ನೋಡಿದ್ದುಂಟು.

ಆಮೇಲೆ ಆಕೆ ತೇಪೆಗಳ ಪರಿಚಯ ಮಾಡಿಕೊಟ್ಟಳು. ಈ ನೀಲಿ ಮೊಮ್ಮಗಳ ಶಾಲೆಯ ಸಮವಸ್ತ್ರ. ಈ ಚೌಕುಳಿ ಗಂಡನ ಲುಂಗಿ. ಆತ ತೀರಿ ಆರು ವರ್ಷ. ಕೆಂಪು, ಮಗಳ ಮದುವೆಯ ರವಿಕೆ. ಹಸಿರು, ಉರುಸಿನಲ್ಲಿ ಸಿಕ್ಕ ಚಾದರದ ಚೂರು. ಅದನ್ನು ಕಾಲು ತಾಗುವ ಕಡೆ ಹಚ್ಚುವಂತಿಲ್ಲ, ತಲೆಯ ಕಡೆಗೇ ಬರಬೇಕು. ಕಂದು ಬಣ್ಣದ ದಪ್ಪ ತುಂಡು ಯಾರದೆಂದು ಕೇಳಿದರೆ ಹೇಳಲಿಲ್ಲ. ನಾವೂ ಮತ್ತೆ ಕೇಳಲಿಲ್ಲ.

ಈ ಜನ ಇಲ್ಲಿಗೆ ಬಂದ ಕತೆಯನ್ನು ಸ್ವಲ್ಪ ಹೇಳಬೇಕು. ಆಫ್ರಿಕಾದವರು ದಖ್ಖನಿಗೆ ಎರಡು ಬಗೆಯಲ್ಲಿ ಪರಿಚಿತರು. ಒಂದು, ಆಳಿದವರು. ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಕೈಯಿಂದ ಕೈಗೆ ಮಾರಾಟವಾಗಿ, ಅಹ್ಮದ್‌ನಗರದ ರಾಜ್ಯವನ್ನೇ ನಡೆಸಿ, ಮೊಗಲರನ್ನು ವರ್ಷಗಟ್ಟಲೆ ಕಾಡಿ, 1626ರಲ್ಲಿ ತೀರಿಕೊಂಡ ಮಲಿಕ್ ಅಂಬರ್ ಅವರಲ್ಲಿ ದೊಡ್ಡ ಹೆಸರು. ನಮ್ಮ ಬಿಜಾಪುರದಲ್ಲಿ ಮುಹಮ್ಮದ್ ಆದಿಲ್‌ಶಾಹನ ಪ್ರಧಾನಿಯಾಗಿದ್ದ ಇಖ್ಲಾಸ್ ಖಾನನೂ ಹಬ್ಶಿಯೇ. ಆದಿಲ್‌ಶಾಹಿ ಚಿತ್ರಕಾರರು ಅವನ ಕಪ್ಪು ಮುಖವನ್ನು ಎಷ್ಟು ಘನವಾಗಿ ಬರೆದಿದ್ದಾರೆಂದರೆ, ಆ ಚಿತ್ರಗಳು ಇಂದು ಜಗತ್ತಿನ ಮ್ಯೂಸಿಯಮ್ಮುಗಳಲ್ಲಿವೆ.

ಇನ್ನೊಂದು ಬಗೆ, ಓಡಿಹೋದವರು. ಪೋರ್ಚುಗೀಸರು ಮೊಜಾಂಬಿಕ್ ಕಡೆಯಿಂದ ಗುಲಾಮರನ್ನು ಗೋವೆಗೆ ತಂದರು. ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟ ಹತ್ತಿ ಉತ್ತರ ಕನ್ನಡದ ಕಾಡು ಸೇರಿದರು. ಇಂದಿನ ಸಿದ್ದಿಗಳಲ್ಲಿ ಬಹಳಷ್ಟು ಮಂದಿ ಇವರ ಪೀಳಿಗೆಯೆಂದೇ ಇತಿಹಾಸ ಬಲ್ಲವರ ಅಭಿಪ್ರಾಯ. ಸರದಾರರಿಗೆ ಚಿತ್ರ ಬರೆಯುವವರು ಇದ್ದರು. ಕಾಡಿಗೆ ಓಡಿದವರಿಗೆ ಯಾರಿದ್ದರು? ತಮ್ಮ ಚಿತ್ರವನ್ನು ತಾವೇ ಬರೆದುಕೊಳ್ಳಬೇಕಿತ್ತು. ಕಾಗದವಿಲ್ಲ, ಬಣ್ಣವಿಲ್ಲ, ಒಡೆಯರ ಮನೆಯ ಹಳೆ ಬಟ್ಟೆಯಿತ್ತು.

ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಕ್ರೈಸ್ತ ಮನೆಯ ಕೌದಿಯಲ್ಲಿ ಶಿಲುಬೆ, ಮುಸ್ಲಿಮ್ ಮನೆಯದರಲ್ಲಿ ಅರ್ಧಚಂದ್ರ ಕಾಣಿಸುವುದುಂಟು. ಆದರೆ ಹೊಲಿಗೆ ಒಂದೇ, ಮೂಲೆಯ ಹೂವೂ ಒಂದೇ. ಹಿರಿಯರನ್ನು ನೆನೆಯುವ ಆಚರಣೆಯಲ್ಲೂ, ಡಮಾಮಿಯ ಬಡಿತಕ್ಕೆ ಕುಣಿಯುವಾಗಲೂ ಮತದ ಗೆರೆ ತೆಳುವಾಗುತ್ತದೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಧಾರವಾಡ, ಬೆಳಗಾವಿಯ ಸಿದ್ದಿಗಳು 2020ರವರೆಗೆ ಕಾಯಬೇಕಾಯಿತು. ಅದೇ 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ನೀನಾಸಮ್‌ನಲ್ಲಿ ಕಲಿತ ಗಿರಿಜಾ ಸಿದ್ದಿಯವರ ನಟನೆ, ಹಾಡು ಎಷ್ಟೋ ಕನ್ನಡಿಗರಿಗೆ ಪರಿಚಿತ. ಇಷ್ಟೆಲ್ಲ ಆದರೂ ಸಿದ್ದಿ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಗುಂಗುರು ಕೂದಲು. 1987ರಲ್ಲಿ ಕೇಂದ್ರ ಸರ್ಕಾರದ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಓಟಕ್ಕೆಂದು ಆರಿಸಿ ತರಬೇತಿಗೆ ಕರೆದೊಯ್ದಿತು. ಕೆಲವೇ ವರ್ಷಗಳಲ್ಲಿ ಆ ಯೋಜನೆ ನಿಂತಿತು. ಸರ್ಕಾರ ಅವರ ಕಾಲನ್ನು ನೋಡಿತು, ಸಿನಿಮಾದವರು ಕೂದಲನ್ನು ನೋಡಿದರು, ಪ್ರವಾಸಿಗರು ಕುಣಿತವನ್ನು ನೋಡಿದರು. ಬೆರಳುಗಳನ್ನು ನೋಡಲು ಸಮುದ್ರದಾಚೆಯಿಂದ ಒಬ್ಬರು ಬರಬೇಕಾಯಿತು.

ಅವರು ಹೆನ್ರಿ ಡ್ರೂವಲ್. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಆಫ್ರಿಕಾದ ಕಲೆಯ ಇತಿಹಾಸ ಕಲಿಸುತ್ತಿದ್ದ ಪ್ರಾಧ್ಯಾಪಕರು. ಅವರ ನೆರವಿನಿಂದ 2004ರಲ್ಲಿ ಸಿದ್ದಿ ಮಹಿಳೆಯರ ಕೌದಿ ಸಹಕಾರ ಸಂಘವೊಂದು ಹುಟ್ಟಿತು. 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ ಶೋಂಬರ್ಗ್ ಕೇಂದ್ರದಲ್ಲಿ ಈ ಕೌದಿಗಳ ಪ್ರದರ್ಶನ ನಡೆಯಿತು. ಕರಿಯರ ಇತಿಹಾಸವನ್ನು ಕಾಪಾಡುವ ಕೇಂದ್ರವದು. ಗಂಜಿ ಬೇಯುವ ಮನೆಯ ಮೂಲೆಯಲ್ಲಿ ಮಡಚಿಟ್ಟಿದ್ದ ವಸ್ತು ಗೋಡೆಯ ಮೇಲೆ ದೀಪದ ಬೆಳಕಿನಲ್ಲಿ ನಿಂತಿತು. ಜನ ಅದನ್ನು ಚಿತ್ರ ನೋಡಿದಂತೆ ನೋಡಿದರು. ಅದು ಚಿತ್ರವೇ ಆಗಿತ್ತಲ್ಲ.

ಆಫ್ರಿಕಾದಲ್ಲೇ ಉಳಿದವರ ಮಕ್ಕಳು ಏನು ಮಾಡುತ್ತಿದ್ದಾರೆ ಎಂಬ ಕುತೂಹಲದಿಂದ ನಾವು ಒಂದಿಷ್ಟು ಓದಿದೆವು, ಚಿತ್ರಗಳನ್ನು ನೋಡಿದೆವು. ಘಾನಾದಲ್ಲಿ ಹುಟ್ಟಿ ನೈಜೀರಿಯಾದಲ್ಲಿ ಬೆಳೆದು ನಿಂತ ಕಲಾವಿದ ಎಲ್ ಅನಾಟ್ಸುಯಿ, ಎಸೆದ ಮದ್ಯದ ಬಾಟಲಿಗಳ ಮುಚ್ಚಳಗಳನ್ನು ಚಪ್ಪಟೆ ಮಾಡಿ, ತಾಮ್ರದ ತಂತಿಯಿಂದ ಹೆಣೆದು, ಗೋಡೆಯಷ್ಟು ದೊಡ್ಡ ವಸ್ತ್ರಗಳನ್ನು ಮಾಡಿದ್ದಾರೆ. ಮುಚ್ಚಳವೇ ಏಕೆ? ಐರೋಪ್ಯರು ಆಫ್ರಿಕಾದ ತೀರಕ್ಕೆ ತಂದು ಮಾರಿದ ಸರಕಿನಲ್ಲಿ ಮದ್ಯವೂ ಇತ್ತು, ಅದೇ ತೀರದಿಂದ ಕೊಂಡೊಯ್ದ ಸರಕಿನಲ್ಲಿ ಮನುಷ್ಯರಿದ್ದರು. (ಮದ್ಯದ ಬಾಟಲಿಯಿಂದ ಇಷ್ಟು ಹಲಾಲಾದ ವಸ್ತು ಹೊರಬಂದದ್ದನ್ನು ನಾವು ಬೇರೆಲ್ಲೂ ಕಂಡಿಲ್ಲ.) 2015ರಲ್ಲಿ ವೆನಿಸ್ ಬಿಯೆನಾಲೆ ಅವರಿಗೆ ಜೀವಮಾನದ ಸಾಧನೆಗಾಗಿ ಚಿನ್ನದ ಸಿಂಹವನ್ನಿತ್ತು ಗೌರವಿಸಿತು. ಮೊಜಾಂಬಿಕ್‌ನ ಗೊನ್ಸಾಲೊ ಮಬುಂಡಾ, 1992ರಲ್ಲಿ ಮುಗಿದ ತಮ್ಮ ದೇಶದ ಅಂತರ್ಯುದ್ಧ ಬಿಟ್ಟುಹೋದ ಬಂದೂಕು, ಗುಂಡುಗಳ ಲೋಹದಿಂದ ಮುಖವಾಡಗಳನ್ನೂ ಸಿಂಹಾಸನಗಳನ್ನೂ ಮಾಡುತ್ತಾರೆ. ನಾನಿಯ ಪೂರ್ವಿಕರು ಹಡಗು ಹತ್ತಿದ್ದು ಬಹುಶಃ ಅದೇ ಮೊಜಾಂಬಿಕ್‌ನ ಕಡಲಿನಿಂದ. ಆಕೆಗೆ ಮಬುಂಡಾ ಗೊತ್ತಿಲ್ಲ, ಆತನಿಗೆ ಆಕೆ ಗೊತ್ತಿಲ್ಲ. ಆದರೂ ಇಬ್ಬರ ಕೈ ಮಾಡುವ ಕೆಲಸ ಒಂದೇ: ತಮ್ಮನ್ನು ಗಾಯಗೊಳಿಸಿದ ಕಾಲದಿಂದ ಉಳಿದ ಚೂರುಗಳನ್ನು ಎತ್ತಿ ಜೋಡಿಸುವುದು.

ಇದನ್ನು ಒಪ್ಪಲು ಮುಸ್ಲಿಮ್ ಓದುಗರಿಗೆ ದೂರ ಹೋಗಬೇಕಾಗಿಲ್ಲ. ಪ್ರವಾದಿಯವರು ತಮ್ಮ ಬಟ್ಟೆಗೆ ತಾವೇ ತೇಪೆ ಹಾಕುತ್ತಿದ್ದರು, ಚಪ್ಪಲಿಯನ್ನು ತಾವೇ ಹೊಲಿಯುತ್ತಿದ್ದರು ಎಂದು ಹಜ್ರತ್ ಆಯಿಷಾ ಹೇಳಿದ್ದನ್ನು ಎಲ್ಲರೂ ಕೇಳಿದ್ದೇವೆ. ಸೂಫಿಗಳ ತೇಪೆ ನಿಲುವಂಗಿಗೆ 'ಮುರಕ್ಕಾ' ಎಂಬ ಹೆಸರಿತ್ತು. ಉರ್ದುವಿನಲ್ಲಿ ಚಿತ್ರಗಳ ಸಂಪುಟಕ್ಕೂ ಅದೇ ಹೆಸರು! ಲಾಹೋರಿನ ಚಿತ್ರಕಾರ ಅಬ್ದುರ್ರಹಮಾನ್ ಚುಗ್ತಾಯಿ ಗಾಲಿಬರ ಕಾವ್ಯಕ್ಕೆ ಚಿತ್ರ ಬರೆದು 1928ರಲ್ಲಿ ಹೊರತಂದ ಹೊತ್ತಗೆಯ ಹೆಸರು 'ಮುರಕ್ಕ-ಎ-ಚುಗ್ತಾಯಿ'. ಫಕೀರನ ತೇಪೆ ಅಂಗಿಗೂ ಬಾದಶಾಹರ ಚಿತ್ರ ಸಂಪುಟಕ್ಕೂ ಭಾಷೆ ಒಂದೇ ಪದ ಕೊಟ್ಟಿದೆ. ಭಾಷೆಗೆ ತಿಳಿದದ್ದು ಅದನ್ನು ಆಡುವವರಿಗೆ ತಿಳಿಯಬೇಕಲ್ಲ?

ತಿಳಿಯುವುದಿಲ್ಲ ಎನ್ನುವುದಕ್ಕೆ ನಮ್ಮ ಮನೆಯಲ್ಲೇ ನಡೆದ ಒಂದು ಸಂಗತಿ. ದೂರದ ಊರಿನಿಂದ ನಮ್ಮ ಚಾಚಾ ಬಂದಿದ್ದರು. ಹಜ್ ಮಾಡಿದವರು, ಐದು ಹೊತ್ತು ತಪ್ಪದವರು, ಬಿಲಾಲರ ಕತೆ ಹೇಳುತ್ತಾ ಕಣ್ಣೀರು ಹಾಕುವವರು. ಜುಲೈ ತಿಂಗಳ ರಾತ್ರಿ. ಅಮ್ಮಿ ಅಟ್ಟದಿಂದ ಬೆಚ್ಚಗಿನ ಕೌದಿ ಇಳಿಸಿ ಕೊಟ್ಟರು. ಚಾಚಾ ಅದನ್ನು ಸವರಿ, "ಮಾಷಾಅಲ್ಲಾ, ಎಷ್ಟು ಮೆದು! ಯಾರು ಹೊಲಿದದ್ದು?" ಎಂದರು. ಹೇಳಿದೆವು.

"ಹಬ್ಶಿಗಳಾ?" ಎಂದವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಸೆಕೆಯಾಗುತ್ತದೆಂದು ಹೇಳಿ ಕೌದಿಯನ್ನು ಮಡಚಿ ಪಕ್ಕಕ್ಕಿಟ್ಟರು. ಕೊಲ್ಲಮೊಗ್ರಿನಲ್ಲಿ ಜುಲೈಯಲ್ಲಿ ಸೆಕೆ! ಬೆಳಿಗ್ಗೆ ಫಜ್ರಿಗೆ ಎದ್ದಾಗ ಚಾಚಾರಿಗೆ ಸೀನಿನ ಮೇಲೆ ಸೀನು. ಅಮ್ಮಿ ಶುಂಠಿ ಕಷಾಯ ಕೊಡುತ್ತಾ, "ಭಾಯಿ ಸಾಬ್, ಅಜಾನ್ ಬಿಲಾಲರದ್ದು ಬೇಕು, ಕೌದಿ ಬಿಲಾಲರ ಮಕ್ಕಳದ್ದು ಬೇಡವಾ?" ಎಂದರು. ಚಾಚಾ ಕಷಾಯ ಕುಡಿದರು, ಉತ್ತರ ಕೊಡಲಿಲ್ಲ. ಮರುರಾತ್ರಿ ಕೌದಿ ಹೊದ್ದರೇ ಎಂದು ಕೇಳಬೇಡಿ. ಅಂದೇ ಮಧ್ಯಾಹ್ನದ ಬಸ್ಸಿಗೆ ಹೊರಟುಬಿಟ್ಟರು.

ಚಾಚಾ ಒಬ್ಬರನ್ನೇ ದೂರುವುದಕ್ಕೆ ಇದನ್ನು ಬರೆಯುತ್ತಿಲ್ಲ. ಮಿಂಬರಿನ ಮೇಲಿಂದ ಸಮಾನತೆಯ ಮಾತು ಬಂದಾಗಲೆಲ್ಲ ಬಿಲಾಲರ ಹೆಸರು ಬರುತ್ತದೆ. ಹೆಣ್ಣು ಕೊಡುವ, ತರುವ ಮಾತು ಬಂದಾಗ ಎಷ್ಟು ಮನೆಗಳ ಬಾಗಿಲು ಸಿದ್ದಿಗಳಿಗೆ ತೆರೆಯುತ್ತದೆ ಎಂದು ಹಳಿಯಾಳದ ಮುದುಕಿಯರನ್ನೇ ಕೇಳಬೇಕು. 'ಸಿದ್ದಿ' ಎಂಬ ಪದವೇ ಅರಬಿಯ 'ಸಯ್ಯಿದೀ', ಅಂದರೆ ನನ್ನ ಒಡೆಯ ಎಂಬುದರಿಂದ ಬಂದದ್ದು ಎನ್ನುತ್ತಾರೆ. ಒಡೆಯ ಎಂಬ ಹೆಸರು ಹೊತ್ತವರಿಗೆ ಒಡೆಯನ ಮನೆಯ ಹಳೆ ಬಟ್ಟೆ ಮಾತ್ರ ಸಿಕ್ಕಿದ್ದು ವಿಚಿತ್ರವೇ.

ಇನ್ನು ದುಡ್ಡಿನ ಮಾತು. ಅಮೆರಿಕದ ಅಲಬಾಮಾದಲ್ಲಿ ಜೀಸ್ ಬೆಂಡ್ ಎಂಬ ಹಳ್ಳಿಯಿದೆ. ಅಲ್ಲಿಯವರೂ ಗುಲಾಮರ ಸಂತಾನ, ಅಲ್ಲಿಯ ಹೆಂಗಸರೂ ಹೊಲದಲ್ಲಿ ದುಡಿದು ಸವೆದ ಬಟ್ಟೆಗಳಿಂದ ಕೌದಿ ಹೊಲಿದವರು. 2002ರಲ್ಲಿ ಹ್ಯೂಸ್ಟನ್ನಿನ ಮ್ಯೂಸಿಯಮ್ಮಿನಲ್ಲಿ ಅವುಗಳ ಪ್ರದರ್ಶನವಾಗಿ ದೇಶವೇ ಬೆರಗಾಯಿತು; 2006ರಲ್ಲಿ ಅಂಚೆಚೀಟಿಯೂ ಬಂತು. 2007ರಲ್ಲಿ ಕೆಲವು ಹೊಲಿದ ಹೆಂಗಸರು ತಮಗೆ ಸಲ್ಲಬೇಕಾದದ್ದು ಸಂದಿಲ್ಲವೆಂದು ನ್ಯಾಯಾಲಯಕ್ಕೆ ಹೋದರು. ಮರುವರ್ಷ ಅದು ರಾಜಿಯಲ್ಲಿ ಮುಗಿಯಿತು. ಕೌದಿ ಗೋಡೆ ಏರಿದ ಕೂಡಲೇ ಈ ಪ್ರಶ್ನೆ ಬಂದೇ ಬರುತ್ತದೆ. ಚಿತ್ರಕ್ಕೆ ಬೆಲೆ ಹೆಚ್ಚಿದರೆ ಚಿತ್ರಗಾರ್ತಿಗೆ ಎಷ್ಟು?

ನಾನಿಗೆ ಒಂದು ಕೌದಿ ಮುಗಿಸಲು ವಾರಗಳು ಬೇಕು, ಅದೂ ಗದ್ದೆ ಕೆಲಸ, ಮನೆ ಕೆಲಸ ಮುಗಿದ ಮೇಲೆ. ಈಗ ಇನ್ನೊಂದು ತೊಂದರೆ. ಹಳೆ ಹತ್ತಿ ಸೀರೆ ಸಿಗುವುದಿಲ್ಲ. ಎಲ್ಲರೂ ಉಡುವುದು ಪಾಲಿಸ್ಟರ್. ಜಾರುತ್ತದೆ, ನೀರು ಹೀರುವುದಿಲ್ಲ, ಚಳಿಯಲ್ಲಿ ಬೆಚ್ಚಗೂ ಇರುವುದಿಲ್ಲ. ಕೊಳ್ಳಲು ಬರುವವರದ್ದು ಮತ್ತೊಂದು ಬೇಡಿಕೆ. ದೊಡ್ಡ ಊರಿನಿಂದ ಬಂದ ಒಬ್ಬರು ಹಳೆ ಬಟ್ಟೆ ಬೇಡ, ವಾಸನೆ ಬರುತ್ತದೆ, ಹೊಸ ಬಟ್ಟೆಯನ್ನೇ ಕತ್ತರಿಸಿ ಹೊಲಿದುಕೊಡಿ ಎಂದು ತಾವೇ ಬಟ್ಟೆ ತಂದು ಕೊಟ್ಟರಂತೆ, ಬಣ್ಣಗಳನ್ನೂ ತಾವೇ ಹೊಂದಿಸಿ.

"ಮಾಡಿಕೊಟ್ಟಿರಾ?" ಎಂದೆವು.

"ಮಾಡಿಕೊಟ್ಟೆ, ಒಳ್ಳೆ ದುಡ್ಡು ಕೊಟ್ಟರು" ಎಂದಳು ನಾನಿ. ದಾರವನ್ನು ಹಲ್ಲಿನಿಂದ ಕಡಿದು, "ಆದರೆ ಅದರಲ್ಲಿ ಯಾರೂ ಇರಲಿಲ್ಲ, ಬೇಟಾ" ಎಂದು ಸೇರಿಸಿದಳು.

ಆ ಮಾತನ್ನು ನಾವು ಊರಿಗೆ ಬಂದ ಮೇಲೂ ಬಹಳ ದಿನ ಯೋಚಿಸಿದೆವು. ಆಕೆ ಹೊಸ ಬಟ್ಟೆಯ ದುಡ್ಡನ್ನು ಬೇಡವೆನ್ನಬೇಕಿತ್ತು ಎಂದು ನಾವು ಹೇಳುವುದಿಲ್ಲ. ಹಸಿದ ಮನೆಗೆ ಹೊರಗಿನವರು ಪರಂಪರೆಯ ಉಪದೇಶ ಮಾಡುವುದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ. ಕೊಳ್ಳುವವರು ಮಾತ್ರ ತಾವು ಏನನ್ನು ಕೊಳ್ಳುತ್ತಿದ್ದೇವೆಂದು ತಿಳಿದುಕೊಳ್ಳಬಹುದು. ಅನಾಟ್ಸುಯಿಯವರ ಬಳಿ ಹೋಗಿ ಹೊಸ ಮುಚ್ಚಳದಿಂದ ಮಾಡಿಕೊಡಿ ಎಂದು ಕೇಳುವ ಧೈರ್ಯ ಯಾರಿಗಿದೆ? ಅವರಿಗೆ ಹೆಸರಿದೆ. ಹೆಸರಿದ್ದವರ ಬಳಿ ಚೌಕಾಸಿ ನಡೆಯುವುದಿಲ್ಲ.

ಅದಕ್ಕೇ ಹೊರಡುವಾಗ ನಾವು ನಾನಿಯನ್ನು ಕೇಳಿದ್ದೆವು: ಕೌದಿಯ ಮೇಲೆ ಎಲ್ಲಾದರೂ ನಿಮ್ಮ ಹೆಸರು ಹಾಕಬಾರದೇ? ಆಕೆ ನಕ್ಕಳು. ತನಗೆ ಬರೆಯಲು ಬಾರದು ಎಂದಳು. ಮತ್ತೆ, ಹೆಸರು ಯಾಕೆ ಬೇಕು, ಮೂಲೆಯ ಹೂವಿನ ಮಡಿಕೆ ನೋಡಿದರೆ ಇದು ಯಾರ ಕೈ ಎಂದು ಕೇರಿಯಲ್ಲಿ ಮಕ್ಕಳಿಗೂ ತಿಳಿಯುತ್ತದೆ ಎಂದಳು. ಕೇರಿಯ ಹೊರಗೆ ತಿಳಿಯುವುದಿಲ್ಲವಲ್ಲ ನಾನಿ ಎಂದದ್ದಕ್ಕೆ ಏನೂ ಹೇಳಲಿಲ್ಲ. ಒಳಗೆ ಓದುತ್ತಾ ಕುಳಿತಿದ್ದ ಮೊಮ್ಮಗಳು ಮಾತ್ರ ತಲೆ ಎತ್ತಿ ನೋಡಿದಳು.

ಕಳೆದ ವರ್ಷ ಆಪಾ ಇನ್ನೊಂದು ಕೌದಿ ಕಳುಹಿಸಿದಳು. ಒಂದು ಮೂಲೆಯ ಹೂವಿನ ಅಡಿಯಲ್ಲಿ ಬಿಳಿ ಪಟ್ಟಿಯೊಂದನ್ನು ಹೊಲಿದು, ಅದರ ಮೇಲೆ ಕೆಂಪು ದಾರದಲ್ಲಿ ಕನ್ನಡದ ಅಕ್ಷರಗಳನ್ನು ತೆಗೆದಿದ್ದರು. ಮೊದಲು ಮೊಮ್ಮಗಳು ಪೆನ್ನಿನಲ್ಲಿ ಬರೆದಿದ್ದಳಂತೆ, ಒಂದೇ ಒಗೆತಕ್ಕೆ ಹೋಯಿತಂತೆ. ಆಮೇಲೆ ಅವಳು ಸೀಸದ ಕಡ್ಡಿಯಲ್ಲಿ ಗೆರೆ ಎಳೆದುಕೊಟ್ಟಳು, ನಾನಿ ಅದರ ಮೇಲೆ ದಾರ ಓಡಿಸಿದಳು. ನಾಲ್ಕು ಹೂವಿಗೆ ಹಿಡಿಯದಷ್ಟು ಹೊತ್ತು ಆ ಮೂರು ಅಕ್ಷರಕ್ಕೆ ಹಿಡಿಯಿತೆಂದು ಆಪಾ ಫೋನಿನಲ್ಲಿ ಹೇಳಿದಳು.